‘ಸಮರಪರಶುರಾಮ’: ಚಾವುಂಡರಾಯನ ತಮ್ಮ ನಾಗವರ್ಮನ ನೆನಪು

ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಶಕವರ್ಷ 900ರಲ್ಲಿ, ಎಂದರೆ ಕ್ರಿ.ಶ. 978ರಲ್ಲಿ, ‘ತ್ರಿಷಷ್ಟಿಲಕ್ಷಣ ಮಹಾಪುರಾಣ’ವನ್ನು ರಚಿಸಿದನು. ‘ಚಾವುಂಡರಾಯ ಪುರಾಣ’ವೆಂದೇ ಪ್ರಸಿದ್ಧವಾಗಿರುವ ಈ ಕೃತಿ ಇಪ್ಪತ್ತನಾಲ್ವರು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತು ಬಲದೇವರು, ಒಂಬತ್ತು ವಾಸುದೇವರು, ಒಂಬತ್ತು ಪ್ರತಿವಾಸುದೇವರು ಹೀಗೆ ಅರವತ್ತಮೂರು ಶಲಾಕಾಪುರುಷರ ಚರಿತೆಯನ್ನು ಗದ್ಯದಲ್ಲಿ ಹೇಳುತ್ತದೆ. ‘ವಡ್ಡಾರಾಧನೆ’ಯ ಜೊತೆಗೆ ಹಳಗನ್ನಡ ಗದ್ಯದ ಅಮೂಲ್ಯ ನಿಧಿಯೆಂದು ವಿದ್ವಾಂಸರು ಇದನ್ನು ಓದುತ್ತಾರೆ. ಚರಿತ್ರಕಾರರು ಇದನ್ನು ಓದುವುದಕ್ಕೆ ಬೇರೊಂದು ಕಾರಣವಿದೆ. ಕೃತಿಕಾರನು ತನ್ನ ಬಿರುದುಗಳನ್ನು ಮಾತ್ರವಲ್ಲದೆ, ಯಾವ ಬಿರುದು ಯಾವ ಕಾರ್ಯದಿಂದ ಬಂದಿತೆಂಬುದನ್ನೂ ಇದರಲ್ಲಿ ಹೇಳಿಕೊಂಡಿದ್ದಾನೆ.

ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಗೆದ್ದುದರಿಂದ ‘ಸಮರಧುರಂಧರ’. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿದುದರಿಂದ ‘ವೀರಮಾರ್ತಂಡ’. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿದುದರಿಂದ ‘ರಣರಂಗಸಿಂಗ’. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದುದರಿಂದ ‘ವೈರಿಕುಲಕಾಲದಂಡ’. ಈ ಬಿರುದುಗಳೆಲ್ಲ ಒಬ್ಬ ಸೇನಾನಾಯಕನು ತನ್ನ ಒಡೆಯನಿಗಾಗಿ ಮಾಡಿದ ಕಾರ್ಯಗಳಿಗೆ ಸಂದವು. ಇವುಗಳ ನಡುವೆ ಒಂದು ಬಿರುದು ಮಾತ್ರ ಬೇರೆ ಬಗೆಯದು. ಚಲದಂಕಗಂಗ, ಗಂಗರಭಂಟ ಎಂಬ ಹೆಸರುಗಳಿದ್ದ ಮುದುರಾಚಯ್ಯನು ಚಾವುಂಡರಾಯನ ತಮ್ಮನಾದ ನಾಗವರ್ಮನನ್ನು ಕೊಂದಿದ್ದನು. ಅದಕ್ಕೆ ಪ್ರತಿಯಾಗಿ ಚಾವುಂಡರಾಯನು ಮುದುರಾಚಯ್ಯನನ್ನು ಕೊಂದನು. ಅದರಿಂದ ಅವನಿಗೆ ‘ಸಮರಪರಶುರಾಮ’ನೆಂಬ ಹೆಸರಾಯಿತು.

ನಾಗವರ್ಮನ ವಿಷಯವಾಗಿ ಚರಿತ್ರೆಗೆ ದಕ್ಕಿರುವುದು ಇಷ್ಟೇ. ಒಬ್ಬ ತಮ್ಮನಿದ್ದನು, ಅವನು ಹತನಾದನು, ಅಣ್ಣನು ಸೇಡು ತೀರಿಸಿದನು. ಹೆಸರಿನ ಸಾಮ್ಯದಿಂದ ಇವನನ್ನು ‘ಛಂದೋಂಬುಧಿ’ಯ ಕರ್ತೃವಾದ ನಾಗವರ್ಮನೆಂದು ಭಾವಿಸಬಾರದು. ಕವಿ ನಾಗವರ್ಮನು ವೆಂಗಿಮೂಲದ ಮನೆತನದ ವೆಣ್ಣಮಯ್ಯನ ಮಗ. ಚಾವುಂಡರಾಯನದು ಬ್ರಹ್ಮಕ್ಷತ್ರ ಕುಲ. ಕವಿಗೆ ತನ್ನ ಹೆಸರನ್ನು ಉಳಿಸಿಕೊಳ್ಳಲು ಕೃತಿಗಳಿದ್ದವು. ಯೋಧನಾದ ಈ ತಮ್ಮನ ಹೆಸರು ಉಳಿದುದು ಅಣ್ಣನ ಬಿರುದಿನ ವಿವರಣೆಯೊಳಗೆ, ಅದೂ ಕೊಂದವನ ಹೆಸರಿನ ಪಕ್ಕದಲ್ಲಿ.

ಈ ಸಾವು ಎಂತಹ ಕಾಲದಲ್ಲಿ ನಡೆಯಿತೆಂಬುದನ್ನು ಗಮನಿಸಬೇಕು. ಹತ್ತನೆಯ ಶತಮಾನದ ಮೂರನೆಯ ಪಾದ ಕನ್ನಡನಾಡಿನಲ್ಲಿ ದೊಡ್ಡ ಅರಸುಮನೆಗಳು ಅಲುಗಾಡಿದ ಕಾಲ. 972ರಲ್ಲಿ ಪರಮಾರ ಸೀಯಕನು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಕೊನೆಯ ದೊರೆಯನ್ನು ಸೋಲಿಸಿ ಅಧಿಕಾರವನ್ನು ಕಿತ್ತುಕೊಂಡನು. ರಾಷ್ಟ್ರಕೂಟರ ಬಲಗೈಯಂತಿದ್ದ ಗಂಗ ಮಾರಸಿಂಹನು ಮೂರನೆಯ ಕೃಷ್ಣನ ಮೊಮ್ಮಗನಾದ ಇಂದ್ರನಿಗೆ ಪಟ್ಟಕಟ್ಟಿ ಆ ಮನೆತನವನ್ನು ಉಳಿಸಲು ಯತ್ನಿಸಿದನು, ಅದು ಫಲಿಸಲಿಲ್ಲ. ರಾಜ್ಯವನ್ನು ತ್ಯಜಿಸಿದ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡು ಮುಡಿಪಿದನು. ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ದೇಹವನ್ನು ಬಿಟ್ಟನು.

ಮಾರಸಿಂಹನ ಅನಂತರ ಗಂಗರ ಸಿಂಹಾಸನಕ್ಕೆ ರಾಚಮಲ್ಲನು ಬಂದನು. ಆದರೆ ಅದರ ಮೇಲೆ ಕಣ್ಣಿಟ್ಟವರು ಬೇರೆಯವರೂ ಇದ್ದರು. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲಿರುವ ತ್ಯಾಗದ ಬ್ರಹ್ಮದೇವರ ಕಂಬದ ಸಂಸ್ಕೃತ ಶಾಸನವು ಗಂಗರಾಜ್ಯವನ್ನು ತನ್ನದಾಗಿಸಿಕೊಳ್ಳಬಯಸಿದ ಚಲದಂಕಗಂಗನ ಆಸೆಯನ್ನು ಚಾವುಂಡರಾಯನು ವ್ಯರ್ಥಗೊಳಿಸಿದನೆಂದು ಹೇಳುತ್ತದೆ. ಪುರಾಣದ ಮಾತನ್ನೂ ಈ ಶಾಸನವನ್ನೂ ಜೊತೆಯಾಗಿ ಓದಿದಾಗ ಒಂದೇ ಘಟನೆಯ ಎರಡು ಮುಖಗಳು ಕಾಣುತ್ತವೆ. ಶಾಸನಕ್ಕೆ ಅದು ರಾಜ್ಯದ ಸಂಗತಿ: ಸಿಂಹಾಸನಕ್ಕೆ ಬಂದ ಕುತ್ತು ನಿವಾರಣೆಯಾಯಿತು. ಪುರಾಣಕ್ಕೆ ಅದು ಮನೆಯ ಸಂಗತಿ: ತಮ್ಮನನ್ನು ಕೊಂದವನು ಸತ್ತನು. ರಾಜ್ಯದ ಭಾಷೆಯಲ್ಲಿ ನಾಗವರ್ಮನಿಗೆ ಎಡೆಯಿಲ್ಲ. ಅಣ್ಣನು ತಾನೇ ಬರೆದ ಪುಸ್ತಕದಲ್ಲಿ ಮಾತ್ರ ಅವನಿಗೊಂದು ಎಡೆ ದೊರೆಯಿತು.

ಯುದ್ಧದಲ್ಲಿ ಮಡಿದವರನ್ನು ನೆನೆಯುವ ಬಗೆಯನ್ನು ಆ ಕಾಲದ ಕನ್ನಡನಾಡು ಚೆನ್ನಾಗಿ ಅರಿತಿತ್ತು. ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಾಂಗನೆಯರು, ಮೇಲೆ ಅವನು ಸೇರಿದ ಲೋಕ. ಈ ಕ್ರಮದಲ್ಲಿ ಸಾವು ಒಂದು ಮೆಟ್ಟಿಲು ಮಾತ್ರ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಂತೂ ಪ್ರಸಿದ್ಧವೇ. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ವಾರ್ತೆಯನ್ನು ಹೇಳುವ ಆ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯ ಸ್ಮಾರಕವೂ ಆಗಿದೆ. ತಕ್ಕೋಲದ ಪರಾಕ್ರಮಿ ಮಣಲೆರನು ತನ್ನ ದೊರೆಯಿಂದ ಬೇಡಿ ಪಡೆದ ನಾಯಿ ಅದು. ಶ್ರವಣಬೆಳಗೊಳದಲ್ಲಿಯೇ ಸಾವಿಯಬ್ಬೆಯ ಕಲ್ಲಿದೆ. ಪತಿಯಾದ ಲೋಕವಿದ್ಯಾಧರನೊಡನೆ ಬಾಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲಿ ಮಡಿದ ಶ್ರಾವಕಿ ಅವಳು. ಕುದುರೆಯೇರಿ ಕತ್ತಿ ಹಿರಿದ ಹೆಣ್ಣು ಆನೆಯ ಮೇಲಿನ ಎದುರಾಳಿಯನ್ನು ಎದುರಿಸುತ್ತಿರುವ ಚಿತ್ರವನ್ನು ಶಿಲ್ಪಿ ಅಲ್ಲಿ ಬಿಡಿಸಿದ್ದಾನೆ. ರೇವತಿ, ಸೀತೆ, ಅರುಂಧತಿಯರೊಡನೆ ಅವಳನ್ನು ಹೋಲಿಸಲಾಗಿದೆ.

ಈ ಕಲ್ಲುಗಳಿಗೂ ‘ಸಮರಪರಶುರಾಮ’ನೆಂಬ ಬಿರುದಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ವೀರಗಲ್ಲಿನಲ್ಲಿ ಮುಂದೆ ನಿಲ್ಲುವವನು ಸತ್ತವನು. ಕಲ್ಲನ್ನು ನಿಲ್ಲಿಸಿದವನು ಹಿಂದೆ ಸರಿಯುತ್ತಾನೆ. ಬಿರುದಿನಲ್ಲಿ ಉಳಿದವನು ಮುಂದೆ ನಿಲ್ಲುತ್ತಾನೆ. ಸತ್ತವನು ಕಾರಣವಾಗಿ ಹಿಂದೆ ಸರಿಯುತ್ತಾನೆ. ಸಾವಿಯಬ್ಬೆ ಹೇಗೆ ಹೋರಾಡಿದಳೆಂಬುದನ್ನು ಇಂದಿಗೂ ಕಣ್ಣಾರೆ ನೋಡಬಹುದು. ನಾಗವರ್ಮನು ಹೇಗೆ ಹೋರಾಡಿದನೆಂಬುದನ್ನು ಬಿರುದು ಹೇಳುವುದಿಲ್ಲ. ಅವನಿಗಾಗಿ ಅಣ್ಣನು ಏನು ಮಾಡಿದನೆಂಬುದನ್ನು ಮಾತ್ರ ಹೇಳುತ್ತದೆ. ಸೇಡು ಸತ್ತವನ ನೆನಪನ್ನು ಉಳಿಸುತ್ತದೆಯೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಹೆಚ್ಚಾಗಿ ಉಳಿಸುವುದು ಸೇಡು ತೀರಿಸಿದವನ ನೆನಪನ್ನು.

ಬಿರುದಿನ ಶಬ್ದವನ್ನೇ ತುಸು ವಿಚಾರಿಸಬೇಕು. ಪರಶುರಾಮನೆಂದರೆ ತಂದೆಯನ್ನು ಕೊಂದವರ ಮೇಲೆ ಸೇಡು ತೀರಿಸಿಕೊಂಡವನು. ಇಪ್ಪತ್ತೊಂದು ಬಾರಿ ಕ್ಷತ್ರಿಯಕುಲವನ್ನು ತರಿದವನು. ಬಂಧುವಿನ ಹತ್ಯೆಗೆ ಪ್ರತಿಹತ್ಯೆ ಮಾಡಿದವನಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಇನ್ನೊಂದಿಲ್ಲವೆಂದು ಆ ಕಾಲದ ಜನಕ್ಕೆ ತೋರಿದ್ದು ಸಹಜ. ಆದರೆ ಜೈನ ಪುರಾಣಪರಂಪರೆಯಲ್ಲಿ ಪರಶುರಾಮನ ಕಥೆ ಅವನ ಗೆಲುವಿನಲ್ಲಿ ಮುಗಿಯುವುದಿಲ್ಲ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿ ಅದು ಎಂಟನೆಯ ಚಕ್ರವರ್ತಿಯಾದ ಸುಭೌಮನ ಚರಿತೆಯ ಭಾಗ. ಜಮದಗ್ನಿಯ ಕೊಲೆಗಾಗಿ ಪರಶುರಾಮನು ಸಹಸ್ರಬಾಹುವಿನ ಕುಲವನ್ನು ಅಳಿಸುತ್ತಾನೆ. ಆ ಸಹಸ್ರಬಾಹುವಿನ ಮಗನಾಗಿ, ಗುಟ್ಟಾಗಿ ಬೆಳೆದ ಸುಭೌಮನು ಪರಶುರಾಮನನ್ನು ಕೊಲ್ಲುತ್ತಾನೆ. ಚಕ್ರವರ್ತಿಯಾದ ಸುಭೌಮನೂ ಬದುಕಿ ಬಾಳಲಿಲ್ಲ. ಅವನಿಂದ ಹತನಾದ ಅಡುಗೆಯವನೊಬ್ಬನು ದೇವನಾಗಿ ಹುಟ್ಟಿ, ಹಣ್ಣಿನ ಆಸೆ ತೋರಿಸಿ ಅವನನ್ನು ಸಮುದ್ರದ ನಡುವೆ ಕೊಂದು ಹಗೆ ತೀರಿಸಿಕೊಳ್ಳುತ್ತಾನೆ. ಸುಭೌಮನಿಗೆ ದೊರೆತದ್ದು ನರಕ. ಇಲ್ಲಿ ಪ್ರತಿಯೊಬ್ಬನಿಗೂ ಕೊಲ್ಲಲು ಕಾರಣವಿದೆ; ಪ್ರತಿಯೊಬ್ಬನ ಕಾರಣವೂ ಇನ್ನೊಬ್ಬನ ಸಾವಿನಲ್ಲಿ ಮುಗಿಯುತ್ತದೆ.

ಅರವತ್ತಮೂರು ಶಲಾಕಾಪುರುಷರ ಚರಿತೆಯನ್ನು ಬರೆದವನಿಗೆ ಸುಭೌಮನ ಕಥೆ ಅಪರಿಚಿತವಲ್ಲ. ‘ಸಮರಪರಶುರಾಮ’ನೆಂಬ ತನ್ನ ಹೆಸರನ್ನು ಹೇಳಿಕೊಳ್ಳುವ ಗ್ರಂಥದ ವಸ್ತುವಿನಲ್ಲಿಯೇ ಪರಶುರಾಮನ ಅಂತ್ಯವೂ ಸೇರಿದೆ. ಅರಮನೆಯ ಹೊಗಳಿಕೆಯಲ್ಲಿ ಯಾವ ಹೆಸರು ಕೀರ್ತಿಯೋ, ಪುರಾಣದ ನೋಟದಲ್ಲಿ ಅದೇ ಹೆಸರು ವೈರಪರಂಪರೆಯ ಒಂದು ಕೊಂಡಿ. ಈ ಎರಡನ್ನೂ ಒಂದೇ ಕೈ ಬರೆಯಿತೆಂಬುದು ಸಾಧಾರಣ ಸಂಗತಿಯಲ್ಲ.

ತಮ್ಮನ ಸಾವಿನ ಕಥೆ ಜೈನ ಪುರಾಣಗಳಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ಪಾರ್ಶ್ವನಾಥ ತೀರ್ಥಂಕರರ ಭವಾವಳಿ ಕಮಠ ಮತ್ತು ಮರುಭೂತಿ ಎಂಬ ಅಣ್ಣತಮ್ಮಂದಿರಿಂದ ಆರಂಭವಾಗುತ್ತದೆ. ತಪ್ಪು ಮಾಡಿ ಊರಿನಿಂದ ಹೊರದೂಡಲ್ಪಟ್ಟವನು ಅಣ್ಣ ಕಮಠ. ಆದರೂ ಅವನನ್ನು ಕಂಡು ಕ್ಷಮೆ ಬೇಡಲು ಹೋದವನು ತಮ್ಮ ಮರುಭೂತಿ. ಕಾಲಿಗೆರಗಿದ ತಮ್ಮನ ತಲೆಯ ಮೇಲೆ ಕಮಠನು ಬಂಡೆಯನ್ನು ಕೆಡವಿ ಕೊಲ್ಲುತ್ತಾನೆ. ಅಲ್ಲಿಂದ ಮುಂದೆ ಭವಭವಗಳಲ್ಲಿ ಕಮಠನ ಜೀವವು ಮರುಭೂತಿಯ ಜೀವವನ್ನು ಹಗೆಯಿಂದ ಬೆನ್ನಟ್ಟುತ್ತದೆ. ಮರುಭೂತಿಯ ಜೀವ ಮಾತ್ರ ಹಗೆಯನ್ನು ಹಿಂದಿರುಗಿಸುವುದಿಲ್ಲ. ಕೊನೆಯ ಭವದಲ್ಲಿ ಪಾರ್ಶ್ವನಾಥರು ಉಪಸರ್ಗವನ್ನು ಅಲುಗಾಡದೆ ಸಹಿಸುತ್ತಾರೆ. ಅಲ್ಲಿಗೆ ಆ ವೈರ ತೀರುತ್ತದೆ. ಪರಶುರಾಮನ ಕಥೆಯಲ್ಲಿ ಇಬ್ಬರೂ ಹಗೆಯನ್ನು ಹಿಡಿದುದರಿಂದ ಅದು ಬೆಳೆಯಿತು. ಪಾರ್ಶ್ವನಾಥರ ಕಥೆಯಲ್ಲಿ ಒಬ್ಬನು ಬಿಟ್ಟುದರಿಂದ ಅದು ಅಳಿಯಿತು.

ಜೈನಧರ್ಮವು ಯೋಧನ ವೃತ್ತಿಯನ್ನೇ ನಿರಾಕರಿಸಿತೆಂದು ಇದರ ಅರ್ಥವಲ್ಲ. ಗೃಹಸ್ಥನಿಗೆ ಹೇಳಿದ ನಾಲ್ಕು ಬಗೆಯ ಹಿಂಸೆಗಳಲ್ಲಿ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡತಕ್ಕದ್ದು. ಮನೆಗೆಲಸದಲ್ಲಿ ಆಗುವ ಆರಂಭೀ, ಜೀವನೋಪಾಯದಲ್ಲಿ ಆಗುವ ಉದ್ಯೋಗೀ, ತನ್ನವರನ್ನೂ ನಾಡನ್ನೂ ಕಾಯುವಾಗ ಆಗುವ ವಿರೋಧೀ ಹಿಂಸೆಗಳನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಶಾಸ್ತ್ರವು ಒಪ್ಪುತ್ತದೆ. ಗಂಗರ, ರಾಷ್ಟ್ರಕೂಟರ, ಹೊಯ್ಸಳರ ದಂಡನಾಯಕರಲ್ಲಿ ಅನೇಕರು ಜೈನರಾಗಿದ್ದುದು ಈ ನೆಲೆಯಿಂದಲೇ. ಪ್ರಶ್ನೆ ಹುಟ್ಟುವುದು ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ. ರಾಜ್ಯವನ್ನು ಕಬಳಿಸಲು ಬಂದವನನ್ನು ತಡೆದು ಕೊಂದರೆ ಅದು ವಿರೋಧೀ ಹಿಂಸೆ. ತಮ್ಮನನ್ನು ಕೊಂದನೆಂಬ ಕಾರಣಕ್ಕೆ ಹುಡುಕಿ ಕೊಂದರೆ ಅದರೊಳಗೆ ಸಂಕಲ್ಪವಿದೆ. ಮುದುರಾಚಯ್ಯನ ವಧೆಯಲ್ಲಿ ಈ ಎರಡೂ ಬೆರೆತಿವೆ. ಕಂಬದ ಶಾಸನವು ಮೊದಲನೆಯದನ್ನು ಹೇಳಿತು. ಪುರಾಣವು ಎರಡನೆಯದನ್ನು ಮುಚ್ಚಿಡದೆ ಹೇಳಿತು.

ಕ್ರೋಧದ ವಿಷಯವಾಗಿ ಚಾವುಂಡರಾಯನ ಗುರುಗಳೇ ಒಂದು ಮಾತನ್ನು ಬರೆದಿದ್ದಾರೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಪ್ರಾಕೃತ ಗ್ರಂಥ ‘ಗೋಮ್ಮಟಸಾರ’. ಗೋಮ್ಮಟನೆಂಬ ಹೆಸರಿದ್ದ ಚಾವುಂಡರಾಯನಿಗಾಗಿಯೇ ಅದನ್ನು ರಚಿಸಿದರೆಂಬುದು ಪರಂಪರೆ. ಅದರ ಜೀವಕಾಂಡದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಲಾಗಿದೆ: ಕಲ್ಲಿನಲ್ಲಿ ಕೊರೆದ ಗೆರೆ, ನೆಲದಲ್ಲಿ ಬಿಟ್ಟ ಬಿರುಕು, ಧೂಳಿನಲ್ಲಿ ಎಳೆದ ಗೆರೆ, ನೀರಿನ ಮೇಲೆ ಎಳೆದ ಗೆರೆ. ಕಲ್ಲಿನ ಗೆರೆಯಂತಹ ಕ್ರೋಧವು ನರಕಕ್ಕೆ ಒಯ್ಯುತ್ತದೆ. ನೆಲದ ಬಿರುಕಿನಂತಹುದು ತಿರ್ಯಗ್ಗತಿಗೆ, ಧೂಳಿನ ಗೆರೆಯಂತಹುದು ಮನುಷ್ಯಗತಿಗೆ, ನೀರಿನ ಗೆರೆಯಂತಹುದು ದೇವಗತಿಗೆ. ತಮ್ಮನನ್ನು ಕಳೆದುಕೊಂಡ ದಂಡನಾಯಕನೊಬ್ಬನು ಗುರುಮುಖದಿಂದ ಈ ಸಿದ್ಧಾಂತವನ್ನು ಕೇಳಿದಾಗ ಅದು ಕೇವಲ ಶಾಸ್ತ್ರಪಾಠವಾಗಿ ಉಳಿದಿರಲಾರದು.

ಇದೇ ವಲಯದ ಕವಿ ರನ್ನ. ಮುದುವೊಳಲಿನಿಂದ ಹೊರಟು ಗಂಗರ ನಾಡಿಗೆ ಬಂದ ಅವನಿಗೆ ಮೊದಲ ಆಶ್ರಯ ಚಾವುಂಡರಾಯನದು. ಇಬ್ಬರಿಗೂ ಅಜಿತಸೇನರೇ ಗುರುಗಳು. ಆ ಉಪಕಾರವನ್ನು ನೆನೆದು ರನ್ನನು ತನ್ನ ಮಗನಿಗೆ ರಾಯನೆಂದು ಹೆಸರಿಟ್ಟನು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತ ತನ್ನವರ ದೇಹಗಳನ್ನು ಒಂದೊಂದಾಗಿ ಕಾಣುವ ಭಾಗ ಕನ್ನಡದ ಶೋಕಕಾವ್ಯದ ಶಿಖರಗಳಲ್ಲಿ ಒಂದು. ಅಲ್ಲಿ ಅವನು ಶತ್ರುವಿನ ಮಗನಾದ ಅಭಿಮನ್ಯುವಿಗೂ ತಲೆದೂಗುತ್ತಾನೆ. ಮಗ ಲಕ್ಷಣಕುಮಾರನನ್ನು ಕಂಡಾಗ, ಮಗನು ತಂದೆಗೆ ಮಾಡಬೇಕಾದ ಉತ್ತರಕ್ರಿಯೆಯನ್ನು ತಂದೆಯೇ ಮಗನಿಗೆ ಮಾಡುವಂತಾಯಿತಲ್ಲಾ ಎಂದು ಮರುಗುತ್ತಾನೆ. ತಮ್ಮ ದುಶ್ಶಾಸನನನ್ನು ಕಂಡಾಗ, ಹುಟ್ಟಿದಂದಿನಿಂದ ಎಲ್ಲದರಲ್ಲಿಯೂ ಅಣ್ಣನ ಹಿಂದೆಯೇ ಬಂದವನು ಸಾವಿನಲ್ಲಿ ಮಾತ್ರ ಮುಂದಾದನಲ್ಲಾ ಎಂದು ಹಲುಬುತ್ತಾನೆ. ಕಿರಿಯರ ಸಾವು ಹಿರಿಯರಿಗೆ ಏಕೆ ಅಷ್ಟು ಅಸಹನೀಯವೆಂಬುದಕ್ಕೆ ರನ್ನನು ಕೊಡುವ ಉತ್ತರ ಸರಳವಾದುದು: ಅಲ್ಲಿ ಕ್ರಮವೇ ತಲೆಕೆಳಗಾಗಿದೆ. ಕ್ರಮ ತಪ್ಪಿದ ಲೋಕದಲ್ಲಿ ಉಳಿದವನಿಗೆ ತಾನು ಉಳಿದುದೇ ತಪ್ಪೆಂದು ತೋರುತ್ತದೆ. ತಮ್ಮನನ್ನು ಕೊಂದವನು ಇನ್ನೂ ಬದುಕಿದ್ದಾನೆಂಬ ನಾಚಿಕೆಯೇ ದುರ್ಯೋಧನನನ್ನು ಸಂಧಿಯಿಂದ ದೂರ ಸೆಳೆದು ಗದಾಯುದ್ಧದ ಕಡೆಗೆ ತಳ್ಳುತ್ತದೆ. ದುಃಖವು ಸೇಡಾಗುವ ದಾರಿಯನ್ನು ರನ್ನನು ಹೆಜ್ಜೆಹೆಜ್ಜೆಗೂ ಬಲ್ಲವನು.

ದುಃಖಕ್ಕೆ ಬೇರೆ ದಾರಿಯೂ ಇತ್ತೆಂಬುದಕ್ಕೆ ರನ್ನನ ಇನ್ನೊಬ್ಬ ಪೋಷಕಿಯೇ ಸಾಕ್ಷಿ. ಚಾಲುಕ್ಯರ ದಂಡನಾಯಕನಾದ ನಾಗದೇವನು ಯುದ್ಧದಲ್ಲಿ ಮಡಿದಾಗ ಅವನ ಮಡದಿಯರಲ್ಲಿ ಕಿರಿಯಳಾದ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಎಳೆಯ ಮಗ ಅಣ್ಣಿಗದೇವನೊಡನೆ ಉಳಿದಳು. ಪತಿಯನ್ನೂ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡ ಆಕೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಒಂದು ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು, 993ರಲ್ಲಿ ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದಳು. ಆ ಕಾವ್ಯ ಇಂದು ಉಳಿದಿರುವುದರಿಂದಲೇ ನಾಗದೇವನು ಯಾರೆಂಬುದು, ಗುಂಡಮಬ್ಬೆಗೆ ಏನಾಯಿತೆಂಬುದು ತಿಳಿಯುತ್ತದೆ. ಯಾರನ್ನೂ ಕೊಲ್ಲದೆ ಸತ್ತವರನ್ನು ಉಳಿಸಿಕೊಂಡ ನೆನಪು ಅದು.

ಚಾವುಂಡರಾಯನ ಬಾಳು ಆ ಬಿರುದಿನಲ್ಲಿ ಮುಗಿದಿದ್ದರೆ ಅವನೂ ಮಧ್ಯಯುಗದ ನೂರಾರು ದಂಡನಾಯಕರಲ್ಲಿ ಒಬ್ಬನಾಗಿರುತ್ತಿದ್ದನು. ಪುರಾಣವನ್ನು ಮುಗಿಸಿದ ಕೆಲವೇ ವರ್ಷಗಳಲ್ಲಿ, 981ರ ಸುಮಾರಿಗೆ, ಅವನು ದೊಡ್ಡಬೆಟ್ಟದ ಬಂಡೆಯಲ್ಲಿ ಐವತ್ತೆಂಟು ಅಡಿಯ ಬಾಹುಬಲಿಯನ್ನು ಕಡೆಯಿಸಿದನು. ಬಾಹುಬಲಿ ತೀರ್ಥಂಕರನಲ್ಲ, ಅರವತ್ತಮೂರು ಶಲಾಕಾಪುರುಷರ ಎಣಿಕೆಗೂ ಸೇರಿದವನಲ್ಲ. ಅವನು ಆದಿತೀರ್ಥಂಕರನ ಮಗ, ಚಕ್ರವರ್ತಿ ಭರತನ ತಮ್ಮ. ಅಣ್ಣತಮ್ಮಂದಿರ ಸೇನೆಗಳು ಎದುರುಬದುರಾಗಿ ನಿಂತಾಗ, ಇವರಿಬ್ಬರ ಕಲಹಕ್ಕೆ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಮ್ಮನೇ ಗೆದ್ದನು. ಅಣ್ಣನನ್ನು ಮೇಲೆತ್ತಿದವನು ನೆಲಕ್ಕೆ ಅಪ್ಪಳಿಸಲಿಲ್ಲ. ಸೋಲಿನ ಸಿಟ್ಟಿನಿಂದ ಭರತನು ಬಿಟ್ಟ ಚಕ್ರವು ತಮ್ಮನನ್ನು ಕೊಲ್ಲದೆ ಬಲಗೊಂಡು ನಿಂತಿತು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಬಾಹುಬಲಿ ತಪಸ್ಸಿಗೆ ನಡೆದನು.

ತಮ್ಮನ ಸಾವಿನ ನೋವೇ ಈ ಮೂರ್ತಿಗೆ ಕಾರಣವೆಂದು ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ. ತಾಯಿಯ ಹರಕೆ, ಪೌದನಪುರದ ಬಾಹುಬಲಿಯ ದರ್ಶನದ ಹಂಬಲ, ಕನಸು, ಬಿಟ್ಟ ಬಾಣ ಇವೆಲ್ಲ ಪರಂಪರೆ ಹೇಳುವ ಕಾರಣಗಳು. ಮೂರ್ತಿಯ ಪಾದದ ಬಳಿಯ ಶಾಸನವು ಚಾವುಂಡರಾಯನು ಮಾಡಿಸಿದನೆಂಬಷ್ಟನ್ನೇ ಹೇಳುತ್ತದೆ, ಅಲ್ಲಿ ಬಿರುದುಗಳಿಲ್ಲ. ಆದರೂ ಒಂದು ಸಂಗತಿ ಸ್ಪಷ್ಟ. ತಮ್ಮನಿಗಾಗಿ ಕೊಂದವನು ಎಲ್ಲರಿಗಿಂತ ಎತ್ತರವಾಗಿ ನಿಲ್ಲಿಸಿದ್ದು ಎತ್ತಿದ ಕೈಯನ್ನು ಇಳಿಸಿದ ಒಬ್ಬ ತಮ್ಮನನ್ನು. ತನ್ನ ಬಿರುದುಗಳ ಸಾಲಿನಲ್ಲಿ ಅವನು ‘ಸಮ್ಯಕ್ತ್ವರತ್ನಾಕರ’, ‘ಶೌಚಾಭರಣ’, ‘ಸತ್ಯಯುಧಿಷ್ಠಿರ’ ಎಂಬ ಗುಣವಾಚಕಗಳನ್ನೂ ಹೇಳಿಕೊಂಡಿದ್ದಾನೆ. ಇವುಗಳ ಜೊತೆಯಲ್ಲಿ ‘ಸಮರಪರಶುರಾಮ’ವನ್ನು ಬಿಟ್ಟುಬಿಡುವುದು ಕಷ್ಟವಾಗಿರಲಿಲ್ಲ. ಅವನು ಬಿಡಲಿಲ್ಲ. ಬಿಟ್ಟಿದ್ದರೆ ನಾಗವರ್ಮನ ಹೆಸರೂ ಅದರೊಡನೆ ಹೋಗುತ್ತಿತ್ತು.

ಯುದ್ಧಕೀರ್ತಿಯ ಬಾಳಿಕೆ ಎಷ್ಟೆಂಬುದನ್ನು ತ್ಯಾಗದ ಬ್ರಹ್ಮದೇವರ ಕಂಬವೇ ತೋರಿಸುತ್ತದೆ. ಚಲದಂಕಗಂಗನ ಸೋಲನ್ನು ಹೇಳುವ ಚಾವುಂಡರಾಯನ ಶಾಸನವು ಮೊದಲು ಆ ಕಂಬದ ನಾಲ್ಕು ಮುಖಗಳನ್ನೂ ತುಂಬಿತ್ತು. ಸುಮಾರು ಎರಡು ಶತಮಾನಗಳ ತರುವಾಯ ಹೆಗ್ಗಡೆ ಕಣ್ಣನೆಂಬವನು, ಕಂಬಕ್ಕೆ ತಾನು ಯಕ್ಷನನ್ನು ಮಾಡಿಸಿದೆನೆಂಬ ಒಂದು ಚಿಕ್ಕ ಬರಹಕ್ಕಾಗಿ ಮೂರು ಮುಖಗಳನ್ನು ಅಳಿಸಿಹಾಕಿದನು. ಇಂದು ಅಲ್ಲಿ ಉಳಿದಿರುವುದು ಒಂದೇ ಮುಖ. ಓಲೆಗರಿಯಲ್ಲಿ ಬರೆದ ತಮ್ಮನ ಹೆಸರು ಮಾತ್ರ ಪ್ರತಿಯಿಂದ ಪ್ರತಿಗೆ ಇಳಿದು ಒಂದು ಸಾವಿರ ವರ್ಷಗಳನ್ನು ದಾಟಿ ಬಂದಿದೆ.